ಮಳೆಗೆ ಮುನ್ಸೂಚನೆ ಇದೆ, ಬಸಿನೀರಿಗೆ ಯಾಕಿಲ್ಲ?

ಸೆಪ್ಟೆಂಬರ್ ಮಧ್ಯದಲ್ಲಿ ಉತ್ತರೆ ಮಳೆ ಹಿಡಿಯಿತೆಂದರೆ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಶೇಂಗಾ ಹೊಲಗಳಲ್ಲಿ ಎರಡು ಕೆಲಸ ಒಟ್ಟಿಗೇ ಶುರುವಾಗುತ್ತವೆ. ಒಂದು ಕಣ್ಣಿಗೆ ಕಾಣುತ್ತದೆ. ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಎಲೆ ಮೇಲೆ ಟಿಕ್ಕಾ ರೋಗದ ಕಂದು ಚುಕ್ಕೆ ಏಳುತ್ತದೆ, ರೈತರು ಬೆನ್ನಿಗೆ ಕ್ಯಾನು ಏರಿಸಿಕೊಂಡು ಔಷಧಿ ಹೊಡೆಯಲು ಇಳಿಯುತ್ತಾರೆ. ಇನ್ನೊಂದು ಕಾಣುವುದಿಲ್ಲ. ಬೇಸಿಗೆಯಿಂದ ಒಣಗಿ ಕೂತಿದ್ದ ಮಣ್ಣು ಅಷ್ಟು ಹೊತ್ತಿಗೆ ಹೊಟ್ಟೆ ತುಂಬ ನೀರು ಕುಡಿದಿರುತ್ತದೆ. ಇನ್ನು ಬೀಳುವ ಮಳೆಯನ್ನು ಹಿಡಿದಿಡಲಾರದೆ ಕೆಳಕ್ಕೋ ಪಕ್ಕಕ್ಕೋ ಬಿಟ್ಟುಕೊಡಲು ತೊಡಗುತ್ತದೆ.

ಈ ಎರಡು ಕೆಲಸ ಒಂದೇ ವಾರದಲ್ಲಿ ಕೂಡಿಬಂದರೆ ಎಲೆಗೆಂದು ಹೊಡೆದ ವಿಷದ ಒಂದು ಪಾಲು ನೀರಿನ ಪಾಲಾಗುತ್ತದೆ.

ಮಳೆ ಯಾವಾಗ ಬರುತ್ತದೆ ಎಂದು ಹೇಳುವವರು ಇಂದು ಬೇಕಾದಷ್ಟಿದ್ದಾರೆ. ಹವಾಮಾನ ಇಲಾಖೆಯ ಸಂದೇಶಗಳಿವೆ, 2019ರಲ್ಲಿ ಬಂದ ‘ಮೇಘದೂತ್’ ಆ್ಯಪ್ ಇದೆ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ ಹಗಲೂ ರಾತ್ರಿ ಕೆಲಸ ಮಾಡುತ್ತದೆ. ಇವೆಲ್ಲ ಆಕಾಶ ನೋಡಿ ಹೇಳುವ ಮಾತು. ಬಿದ್ದ ಮಳೆ ನಿಮ್ಮ ಹೊಲದಲ್ಲಿ ನಿಲ್ಲುತ್ತದೆಯೇ, ಬಸಿದು ಹೋಗುತ್ತದೆಯೇ, ಹೋದರೆ ಯಾವ ಕೆರೆಗೆ, ಯಾವ ಬಾವಿಗೆ ಎಂದು ನೆಲ ನೋಡಿ ಹೇಳುವ ವ್ಯವಸ್ಥೆ ರೈತನ ಕೈಗೆ ಇನ್ನೂ ಬಂದಿಲ್ಲ. ಹಾಗೆ ಹೇಳಲು ಬೇಕಾದ ವಿಜ್ಞಾನವಿದೆ, ಅದಕ್ಕೆ ಬೇಕಾದ ಸಾಮಗ್ರಿಯ ಬಹುಪಾಲು ಕರ್ನಾಟಕದಲ್ಲೇ ಇದೆ. ಜೋಡಿಸುವ ಕೆಲಸ ಮಾತ್ರ ಬಾಕಿ.

ತಲಪರಿಗೆ ಸೀಮೆ

ಹೊಲದ ನೀರಿಗೂ ಕುಡಿಯುವ ನೀರಿಗೂ ಇರುವ ನಂಟನ್ನು ಈ ನಾಲ್ಕು ತಾಲ್ಲೂಕಿನವರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಇದು ತಲಪರಿಗೆಗಳ ಸೀಮೆ. ಕೆರೆಯ ಅಂಗಳದಲ್ಲೋ ಅಚ್ಚುಕಟ್ಟಿನ ತಲೆಯಲ್ಲೋ ಹಳ್ಳದ ಮಗ್ಗುಲಲ್ಲೋ ಮರಳು ಮಣ್ಣನ್ನು ನಾಲ್ಕಾರು ಅಡಿ ತೆಗೆದರೆ ಜಲ ಉಕ್ಕುತ್ತಿತ್ತು. ಆ ಗುಂಡಿಯಿಂದ ಒಂದು ಕಾಲುವೆ ತೋಡಿ, ನೆಲದ ಇಳಿಜಾರನ್ನೇ ನಂಬಿ ನೀರನ್ನು ಗದ್ದೆಗೆ ಹರಿಸುತ್ತಿದ್ದರು. ಏತದ ಹಂಗಿಲ್ಲ, ಪಂಪಿನ ಹಂಗಿಲ್ಲ. ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಹೂಳು ತೆಗೆದು ಗಂಗಮ್ಮನಿಗೆ ಪೂಜೆ ಮಾಡುತ್ತಿದ್ದರು. ಯಾರ ಗದ್ದೆಗೆ ಯಾವಾಗ ನೀರು ಎಂಬುದನ್ನು ನೀರುಗಂಟಿ ನೋಡಿಕೊಳ್ಳುತ್ತಿದ್ದ. ಕೆರೆ ಒಣಗಿದರೂ ತಲಪರಿಗೆ ಜಿನುಗುತ್ತಿತ್ತು. ಲೇಖಕ ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನು ಸುತ್ತಿ ಇಂಥ ತಲಪರಿಗೆಗಳನ್ನು ಊರೂರಿನಲ್ಲಿ ಗುರುತಿಸಿ ದಾಖಲಿಸಿದ್ದಾರೆ.

ಆ ನೀರು ಎಲ್ಲಿಂದ ಬರುತ್ತಿತ್ತು? ಮೇಲಿನ ಹೊಲ, ಗೋಮಾಳ, ಗುಡ್ಡದ ಬುಡದಲ್ಲಿ ಇಂಗಿದ ಮಳೆಯೇ ಮಣ್ಣಿನಡಿಯ ಸುದ್ದೆ (ಶಿಥಿಲಗೊಂಡ ಶಿಲೆಯ) ಪದರದಲ್ಲಿ ಸೋಸಿಕೊಂಡು, ಗಟ್ಟಿ ಬಂಡೆ ತಡೆದ ಕಡೆ ತಗ್ಗಿನಲ್ಲಿ ಒಸರಾಗಿ ಬರುತ್ತಿತ್ತು. ಮೇಲಿನ ಹೊಲದ ಬಸಿನೀರೇ ಕೆಳಗಿನ ಊರಿನ ಒರತೆ.

ಕೊಳವೆಬಾವಿ ನೂರಾರು ಅಡಿ ಇಳಿದ ಮೇಲೆ ಜಲ ಕುಸಿಯಿತು, ತಲಪರಿಗೆಗಳಲ್ಲಿ ಬಹುತೇಕ ಬತ್ತಿದವು, ಕೆಲವು ಮುಚ್ಚಿಹೋದವು. ಹಾಗೆಂದು ನೆಲದಡಿಯ ದಾರಿ ಮುಚ್ಚಿಲ್ಲ. 2022ರಂಥ ಭಾರೀ ಮಳೆಯ ವರ್ಷದಲ್ಲಿ ಕೆರೆಗಳು ಕೋಡಿ ಬಿದ್ದು ಜಯಮಂಗಲಿ ದಡ ಮೀರಿ ಹರಿದಾಗ ಆ ದಾರಿಗಳಲ್ಲಿ ಮತ್ತೆ ನೀರು ಓಡಾಡಿತು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ದಾಟಿ ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಉತ್ತರ ಪಿನಾಕಿನಿ ಪಾವಗಡದ ನಾಗಲಮಡಿಕೆಯನ್ನು ಹಾಯ್ದು ಹೋಗುತ್ತದೆ. ಇಲ್ಲಿನ ಒಂದು ಹೊಲದಿಂದ ಬಸಿದ ನೀರಿನ ಪಯಣ ತಾಲ್ಲೂಕಿನ ಗಡಿಯಲ್ಲಿ ನಿಲ್ಲುವಂಥದ್ದಲ್ಲ.

ಮಣ್ಣೆಂಬ ಕೊಡ

ಬಸಿನೀರನ್ನು ಊಹಿಸುವ ವಿಜ್ಞಾನದ ಮೂಲ ಲೆಕ್ಕ ಬಹಳ ಸರಳ. ಮಣ್ಣನ್ನು ಒಂದು ಕೊಡವೆಂದುಕೊಳ್ಳಿ. ತುಂಬುವವರೆಗೆ ಅದು ಮಳೆಯನ್ನು ಒಳಗೆ ತೆಗೆದುಕೊಳ್ಳುತ್ತದೆ, ತುಂಬಿದ ಮೇಲೆ ಬಿದ್ದದ್ದೆಲ್ಲ ಹೊರಗೆ. ಕೊಡ ಎಷ್ಟು ದೊಡ್ಡದು, ಇವತ್ತು ಎಷ್ಟು ಖಾಲಿ ಇದೆ ಎಂಬುದು ಗೊತ್ತಾದರೆ ನಾಳೆಯ ಮಳೆಗೆ ಏನಾಗುತ್ತದೆ ಎಂದು ಹೇಳಬಹುದು.

ಮಧುಗಿರಿ ಕಡೆಯ ಒಂದು ಎಕರೆ ಶೇಂಗಾ ಹೊಲವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮರಳು ಮಿಶ್ರಿತ ಕೆಂಪು ಮಣ್ಣು, ಆಳ ಒಂದೂವರೆ ಅಡಿಯ ಆಸುಪಾಸು, ಅಂದರೆ ಸುಮಾರು 50 ಸೆಂ.ಮೀ. ಇಂಥ ಮಣ್ಣು ಒಂದು ಮೀಟರ್ ಆಳಕ್ಕೆ ಹೆಚ್ಚೂಕಡಿಮೆ 100 ಮಿ.ಮೀ. ನೀರನ್ನು ಬೆಳೆಗೆ ಸಿಗುವಂತೆ ಹಿಡಿದಿಡುತ್ತದೆ. ಹಾಗಾಗಿ ಈ ಹೊಲದ ಕೊಡ 50 ಮಿ.ಮೀ.ನದು. ಹತ್ತು ದಿನ ಮಳೆ ಇಲ್ಲ, ಬೆಳೆ ದಿನಕ್ಕೆ 4 ಮಿ.ಮೀ. ಕುಡಿಯಿತು ಎಂದರೆ 40 ಮಿ.ಮೀ. ಖಾಲಿ. ಆಗ 30 ಮಿ.ಮೀ. ಮಳೆ ಬಂದರೂ ಒಂದು ಹನಿ ಬಸಿಯುವುದಿಲ್ಲ. ಇನ್ನೂ 10 ಮಿ.ಮೀ. ಜಾಗ ಉಳಿಯುತ್ತದೆ. ಮರುದಿನ ಬೆಳೆ 4 ಮಿ.ಮೀ. ಎಳೆದುಕೊಂಡಿತು, ಖಾಲಿ ಜಾಗ 14 ಆಯಿತು. ಸಂಜೆಗೆ ಮತ್ತೆ 30 ಮಿ.ಮೀ. ಸುರಿಯಿತು. ಈಗ 16 ಮಿ.ಮೀ. ಹೆಚ್ಚುವರಿ. ಒಂದು ಎಕರೆಗೆ ಅದು ಸುಮಾರು 65 ಸಾವಿರ ಲೀಟರ್.

ಮೊದಲ ದಿನ ಬಂದದ್ದೂ 30, ಎರಡನೇ ದಿನ ಬಂದದ್ದೂ 30. ಮೊದಲ ಮಳೆಗೆ ಹೊಲ ಏನನ್ನೂ ಬಿಟ್ಟುಕೊಡಲಿಲ್ಲ, ಎರಡನೆಯದಕ್ಕೆ ಟ್ಯಾಂಕರುಗಟ್ಟಲೆ ಬಿಟ್ಟುಕೊಟ್ಟಿತು. ಮಳೆಯ ಮುನ್ಸೂಚನೆ ಒಂದರಿಂದಲೇ ಈ ವ್ಯತ್ಯಾಸ ತಿಳಿಯುವುದಿಲ್ಲ.

ಪಾವಗಡದಂಥ ಕಡೆ ವರ್ಷದ ಮಳೆಯೇ ಕಡಿಮೆ. ಬಿಸಿಲು, ಗಾಳಿ ಎಳೆದುಕೊಳ್ಳಬಲ್ಲ ನೀರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹೀಗಾಗಿ ವರ್ಷದ ಬಹುಕಾಲ ಕೊಡ ಅರ್ಧವೂ ತುಂಬಿರುವುದಿಲ್ಲ. ಅಂತರ್ಜಲ ಲೆಕ್ಕಹಾಕುವ ರಾಷ್ಟ್ರೀಯ ಮಾನದಂಡದ ಪ್ರಕಾರ ಗ್ರಾನೈಟ್, ನೈಸ್ ಶಿಲೆಯ ಪ್ರದೇಶಗಳಲ್ಲಿ ಮಳೆಯ ಶೇ 8ರಿಂದ 11ರಷ್ಟು ಮಾತ್ರ ಅಂತರ್ಜಲ ಸೇರುತ್ತದೆ. 550 ಮಿ.ಮೀ. ಮಳೆಗೆ ಅದು 44ರಿಂದ 60 ಮಿ.ಮೀ. ಅಷ್ಟೂ ನೀರು ಮಣ್ಣು ತುಂಬಿರುವ ಕೆಲವೇ ದಿನಗಳಲ್ಲಿ, ಹೆಚ್ಚಾಗಿ ಸೆಪ್ಟೆಂಬರ್–ಅಕ್ಟೋಬರಿನ ದೊಡ್ಡ ಮಳೆಗಳಲ್ಲಿ, ಕೆಳಗಿಳಿಯುತ್ತದೆ. ಬಯಲುಸೀಮೆಗೆ ಇದೊಂದು ಅನುಕೂಲ. ಮಳೆಗಾಲವಿಡೀ ಬಸಿಯುವ ಮಲೆನಾಡಿನಲ್ಲಿ ಆ ಕಾಲದ ಪ್ರತಿ ಸಿಂಪಡಣೆಗೂ ಅಪಾಯ ಕಾದಿರುತ್ತದೆ. ಇಲ್ಲಿ ಬಸಿಯುವ ದಿನಗಳೇ ಕೆಲವು. ಅವನ್ನು ಮೊದಲೇ ಗುರುತಿಸಿದರೆ ಸಿಂಪಡಣೆಯನ್ನು ಆ ದಿನಗಳಿಂದ ಆಚೀಚೆ ಸರಿಸಬಹುದು.

ಮೇಲೆ ಹರಿಯುವ ನೀರು

ಕೆಂಪು ಮಣ್ಣಿಗೆ ಇನ್ನೊಂದು ಸ್ವಭಾವವಿದೆ. ಜೋರು ಮಳೆಯ ಹನಿಗಳು ಬಡಿದು ಮೇಲ್ಮೈ ಹೆಪ್ಪುಗಟ್ಟುತ್ತದೆ, ಒಳಗೆ ಜಾಗವಿದ್ದರೂ ನೀರು ಇಳಿಯದೆ ಬದು ಹಾರಿ ಹಳ್ಳಕ್ಕೆ ಓಡುತ್ತದೆ. ಕೆರೆಗಳ ಮಟ್ಟಿಗೆ ಈ ಹರಿವೇ ದೊಡ್ಡ ಅಪಾಯ.

ಇದನ್ನು ಅಂದಾಜು ಮಾಡಲು ಅಮೆರಿಕದ ಮಣ್ಣು ಸಂರಕ್ಷಣಾ ಸೇವೆ 1950ರ ದಶಕದಲ್ಲಿ ರೂಪಿಸಿದ ‘ಕರ್ವ್ ನಂಬರ್’ ವಿಧಾನವನ್ನು ಭಾರತದ ಜಲಾನಯನ ಎಂಜಿನಿಯರುಗಳೂ ದಿನನಿತ್ಯ ಬಳಸುತ್ತಾರೆ. ಮಣ್ಣು, ಬೆಳೆ, ಇಳಿಜಾರಿನ ಉಪಚಾರ ನೋಡಿ ಹೊಲಕ್ಕೊಂದು ಅಂಕಿ ಕೊಡುತ್ತಾರೆ. ಹಿಂದಿನ 5 ದಿನ ಬಿದ್ದ ಮಳೆ ನೋಡಿ ಅದನ್ನು ಏರಿಸುತ್ತಾರೆ ಅಥವಾ ಇಳಿಸುತ್ತಾರೆ. ಬೆಳೆ ನಿಂತಿರುವ ಕಾಲದಲ್ಲಿ ಐದು ದಿನದ ಮಳೆ ಸುಮಾರು 36 ಮಿ.ಮೀ.ಗಿಂತ ಕಡಿಮೆ ಇದ್ದರೆ ಹೊಲ ‘ಒಣ’, 53 ದಾಟಿದರೆ ‘ತೇವ’, ನಡುವೆ ಇದ್ದರೆ ‘ಸಾಧಾರಣ’.

ಸಾಧಾರಣ ಸ್ಥಿತಿಯಲ್ಲಿ 80 ಅಂಕಿ ಪಡೆದ ಒಂದು ಎಕರೆ ಹೊಲಕ್ಕೆ 50 ಮಿ.ಮೀ. ಮಳೆ ಬಿತ್ತು ಎನ್ನೋಣ. ಹೊಲ ಒಣಗಿದ್ದರೆ ಹರಿದು ಹೋಗುವುದು 2.4 ಮಿ.ಮೀ., ಅಂದರೆ ಹತ್ತು ಸಾವಿರ ಲೀಟರಿಗೂ ಕಡಿಮೆ. ಸಾಧಾರಣವಿದ್ದರೆ ಸುಮಾರು 14 ಮಿ.ಮೀ., 56 ಸಾವಿರ ಲೀಟರ್. ಮೊದಲೇ ನೆನೆದು ನಿಂತಿದ್ದರೆ 29 ಮಿ.ಮೀ., ಅಂದರೆ 1 ಲಕ್ಷ 17 ಸಾವಿರ ಲೀಟರ್. ಅದೇ ಹೊಲ, ಅದೇ ಮಳೆ. ಹರಿಯುವ ನೀರು ಹನ್ನೆರಡು ಪಟ್ಟು. ಮಳೆಮಾಪಕದ ಐದು ದಿನದ ಅಂಕಿಗಳನ್ನು ಕೂಡಿಸಲು ಬಂದರೆ ಈ ಲೆಕ್ಕದ ಅರ್ಧ ಕೆಲಸ ಮುಗಿದಂತೆ.

ಅಂಟುವ ವಿಷ, ಓಡುವ ವಿಷ

ನೀರು ಹೋದಲ್ಲೆಲ್ಲ ಔಷಧಿ ಹೋಗುತ್ತದೆ ಎಂದೇನೂ ಇಲ್ಲ. ಕೆಲವು ಮಣ್ಣಿನ ಕಣಕ್ಕೆ, ಅದರಲ್ಲೂ ಸಾವಯವ ಅಂಶಕ್ಕೆ, ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಕೆಲವು ನೀರಲ್ಲಿ ಕರಗಿ ಅದರ ಬೆನ್ನು ಹತ್ತುತ್ತವೆ. ಕೆಲವು ವಾರದಲ್ಲಿ ಕೊಳೆತು ಹೋದರೆ ಕೆಲವು ತಿಂಗಳುಗಟ್ಟಲೆ ಉಳಿಯುತ್ತವೆ. ಈ ಎರಡು ಗುಣಗಳನ್ನು ಸೇರಿಸಿ, ಯಾವುದು ಅಂತರ್ಜಲಕ್ಕೆ ಇಳಿಯಬಲ್ಲದು ಎಂದು ಸೂಚಿಸುವ ಅಂಕವೊಂದನ್ನು ಗುಸ್ಟಾಫ್ಸನ್ ಎಂಬ ವಿಜ್ಞಾನಿ 1989ರಲ್ಲಿ ಪ್ರಕಟಿಸಿದರು. ಅಂಕ 2.8 ದಾಟಿದರೆ ಇಳಿಯುವ ಸ್ವಭಾವದ್ದು, 1.8ಕ್ಕಿಂತ ಕಡಿಮೆಯಾದರೆ ಅಲ್ಲ ಎಂಬುದು ಅವರ ಸೂತ್ರ.

ಇದನ್ನು ಈ ಸೀಮೆಯ ಬೆಳೆಗಳಿಗೆ ಹೊಂದಿಸಿ ನೋಡಿದರೆ ಚಿತ್ರ ತಿಳಿಯಾಗುತ್ತದೆ. ಶೇಂಗಾ ಬಿತ್ತಿದ ಬೆನ್ನಿಗೇ ಕಳೆಗೆ ಹೊಡೆಯುವ ಪೆಂಡಿಮೆಥಾಲಿನ್ ಮಣ್ಣಿಗೆ ಭದ್ರವಾಗಿ ಅಂಟುತ್ತದೆ, ಕೆಳಗೆ ಇಳಿಯುವುದು ಅಪರೂಪ. ಬೆಳೆ ಬಂದ ಮೇಲೆ ಬಳಸುವ ಇಮಾಜೆಥಾಪೈರ್, ನುಸಿ–ಹೇನುಗಳಿಗೆ ಬಳಸುವ ಇಮಿಡಾಕ್ಲೋಪ್ರಿಡ್ ಓಡುವ ಜಾತಿಯವು. ಮೆಕ್ಕೆಜೋಳದ ಕಳೆನಾಶಕ ಅಟ್ರಜಿನ್ ಹಲವು ದೇಶಗಳ ಅಂತರ್ಜಲದಲ್ಲಿ ಸಿಕ್ಕಿದೆ. ಐರೋಪ್ಯ ಒಕ್ಕೂಟ 2004ರಲ್ಲಿ ಅದಕ್ಕೆ ಅನುಮತಿ ನಿರಾಕರಿಸಿತು. ಸೈಪರ್‌ಮೆಥ್ರಿನ್ ಥರದ ಪೈರೆಥ್ರಾಯ್ಡ್‌ಗಳು ಮಣ್ಣಿಗೆ ಅಂಟುವುದರಿಂದ ಬಾವಿಗೆ ಇಳಿಯುವುದಿಲ್ಲ. ಆದರೆ ಮಣ್ಣೇ ಕೊಚ್ಚಿಹೋದಾಗ ಅದರ ಜತೆ ಕೆರೆ ಸೇರುತ್ತವೆ, ಮೀನುಗಳಿಗೆ ಅತ್ಯಂತ ಮಾರಕ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುವ ಬಣ್ಣದ ಕೊಕ್ಕರೆಗಳು ಸುತ್ತಲ ಕೆರೆಗಳ ಮೀನನ್ನೇ ನಂಬಿವೆ.

ಇಮಿಡಾಕ್ಲೋಪ್ರಿಡ್ ಎಷ್ಟು ಓಡುತ್ತದೆ? ಸಾವಯವ ಇಂಗಾಲ ಶೇ 0.4ರಷ್ಟಿರುವ ಬಡ ಕೆಂಪು ಮಣ್ಣಿನಲ್ಲಿ ನೀರು 8 ಸೆಂ.ಮೀ. ಇಳಿದರೆ ಅದು ಸುಮಾರು 1 ಸೆಂ.ಮೀ. ಇಳಿಯುತ್ತದೆ ಎಂದು ಪಠ್ಯಪುಸ್ತಕದ ಸಮೀಕರಣ ಹೇಳುತ್ತದೆ. ಕೊಟ್ಟಿಗೆ ಗೊಬ್ಬರ, ಹಸಿರೆಲೆ ಹಾಕಿ ಇಂಗಾಲವನ್ನು ಎರಡು ಪಟ್ಟು ಮಾಡಿದರೆ ಆ ಓಟ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ತಿಪ್ಪೆಗೊಬ್ಬರ ಬೆಳೆಗೆ ಮಾತ್ರವಲ್ಲ, ಬಾವಿಗೂ ಕಾವಲು.

ಇಷ್ಟು ನಿಧಾನವಾದರೆ ಭಯ ಯಾಕೆ ಎನಿಸಬಹುದು. ನಿಜವಾದ ಹೊಲ ಸಮೀಕರಣದಷ್ಟು ನುಣುಪಾಗಿಲ್ಲ. ಗೆದ್ದಲು ಕೊರೆದ ಕಂಡಿ, ಕೊಳೆತ ಬೇರಿನ ಕೊಳವೆ, ಎರೆಹುಳು ಮಾಡಿದ ದಾರಿ, ತಗ್ಗಿನ ಎರೆ ಮಣ್ಣಿನ ಬಿರುಕು—ಜೋರು ಮಳೆ ಬಂದಾಗ ನೀರು ಇವುಗಳ ಮೂಲಕ ಮೇಲಿನ ಪದರವನ್ನು ತಪ್ಪಿಸಿ ನೇರವಾಗಿ ಕೆಳಗಿಳಿಯುತ್ತದೆ. ಸ್ವೀಡನ್ನಿನಲ್ಲಿ ರೂಪುಗೊಂಡ ‘ಮ್ಯಾಕ್ರೋ’ ಎಂಬ ಕಂಪ್ಯೂಟರ್ ಮಾದರಿ ಈ ಕಳ್ಳದಾರಿಗಳನ್ನೇ ಲೆಕ್ಕ ಹಾಕುತ್ತದೆ. ಹೊಡೆದ ಔಷಧಿ ಇನ್ನೂ ಮಣ್ಣಿಗೆ ಸರಿಯಾಗಿ ಅಂಟಿರದ ಮೊದಲ ದಿನಗಳಲ್ಲಿ ದೊಡ್ಡ ಮಳೆ ಬಂದರೆ ಅತಿ ಹೆಚ್ಚು ನಷ್ಟ. ಅದಕ್ಕಾಗಿಯೇ ಸಿಂಪಡಣೆಯ ನಂತರದ ಮೊದಲ ಬಸಿಯನ್ನು ಊಹಿಸುವುದು ಇಷ್ಟು ಮುಖ್ಯ.

ಒಂದು ಗ್ರಾಂ, ಒಂದು ಕೋಟಿ ಲೀಟರ್

ಐರೋಪ್ಯ ಒಕ್ಕೂಟದಲ್ಲಿ ಕುಡಿಯುವ ನೀರಿನಲ್ಲಿ ಯಾವುದೇ ಒಂದು ಕೀಟನಾಶಕ ಲೀಟರಿಗೆ 0.1 ಮೈಕ್ರೋಗ್ರಾಂ ದಾಟುವಂತಿಲ್ಲ. ಎರಡೂವರೆ ಎಕರೆ ಅಗಲದ, ಒಂದು ಮೀಟರ್ ಆಳದ ಕಟ್ಟೆಯಲ್ಲಿ ಒಂದು ಕೋಟಿ ಲೀಟರ್ ನೀರಿರುತ್ತದೆ. ಅದನ್ನು ಈ ಮಿತಿಗೆ ತಂದು ನಿಲ್ಲಿಸಲು ಕರಗಿದ ಒಂದೇ ಒಂದು ಗ್ರಾಂ ವಿಷ ಸಾಕು. ಭಾರತದ ಐಎಸ್ 10500 ಮಾನಕ ಒಂದೊಂದು ವಿಷಕ್ಕೂ ಬೇರೆ ಬೇರೆ ಮಿತಿ ಇಟ್ಟಿದೆ: ಅಟ್ರಜಿನ್‌ಗೆ ಲೀಟರಿಗೆ 2 ಮೈಕ್ರೋಗ್ರಾಂ, ಮಾನೊಕ್ರೊಟೊಫಾಸ್‌ಗೆ 1, ಕ್ಲೋರ್‌ಪೈರಿಫಾಸ್‌ಗೆ 30.

ಮಿತಿ ಇದ್ದರೂ ಅಳೆಯುವುದು ಸುಲಭವಲ್ಲ. ಪಂಚಾಯಿತಿಗಳಲ್ಲಿ ಬಳಸುವ ನೀರು ಪರೀಕ್ಷೆಯ ಕಿಟ್ ಫ್ಲೋರೈಡ್, ನೈಟ್ರೇಟ್, ಗಡಸುತನ ತೋರಿಸುತ್ತದೆ, ಕೀಟನಾಶಕ ತೋರಿಸುವುದಿಲ್ಲ. ಅದಕ್ಕೆ ದೊಡ್ಡ ಪ್ರಯೋಗಾಲಯದ ದುಬಾರಿ ಯಂತ್ರ ಬೇಕು. ಪಾವಗಡದ ಜನ ಫ್ಲೋರೈಡ್‌ ನೀರಿನ ಬಾಧೆಯನ್ನು ತಲೆಮಾರುಗಳಿಂದ ಹಲ್ಲು–ಮೂಳೆಗಳಲ್ಲಿ ಅನುಭವಿಸಿದ್ದಾರೆ. ಬಂಡೆಯಿಂದ ಬರುವ ಆ ವಿಷವನ್ನು ತಡೆಯಲು ಅವರ ಕೈಯಲ್ಲಿ ಏನೂ ಇರಲಿಲ್ಲ. ಹೊಲದಿಂದ ಬರುವುದನ್ನು ತಡೆಯುವುದು ಸಾಧ್ಯವಿದೆ, ಕಂಡುಹಿಡಿದು ಸೋಸುವುದಕ್ಕಿಂತ ಅಗ್ಗವೂ ಹೌದು.

ಬೇರೆಯವರು ಕಲಿತದ್ದು

ಇಂಗ್ಲೆಂಡಿನ ಜೇಡಿ ಹೊಲಗಳ ಅಡಿಯಲ್ಲಿ ಬಸಿಕೊಳವೆಗಳ ಜಾಲವೇ ಇದೆ. ಶರತ್ಕಾಲದಲ್ಲಿ ಮಣ್ಣಿನ ತೇವದ ಕೊರತೆ ನೀಗಿ ಆ ಕೊಳವೆಗಳು ಹರಿಯಲು ಆರಂಭಿಸಿದೊಡನೆ, ಎಣ್ಣೆ ಸಾಸಿವೆಗೆ ಹೊಡೆದ ಪ್ರೊಪಿಜಮೈಡ್‌ನಂಥ ಕಳೆನಾಶಕಗಳು ನದಿಗಳಲ್ಲಿ ಕಾಣಿಸಿಕೊಳ್ಳುತ್ತವೆ. ಅಲ್ಲಿ ಮಣ್ಣಿನ ತೇವದ ಕೊರತೆ ಮತ್ತು ಮಳೆಯ ಮುನ್ಸೂಚನೆಯನ್ನು ಕೂಡಿಸಿ, ಈ ಹೊಲಕ್ಕೆ ಇವತ್ತು ಹೊಡೆದರೆ ಅಪಾಯ ಎಷ್ಟು ಎಂದು ಹೇಳುವ ಮೊಬೈಲ್ ಸೇವೆಗಳು ಬಂದವು. ಬಸವನಹುಳುವಿಗೆ ಹಾಕುತ್ತಿದ್ದ ಮೆಟಾಲ್ಡಿಹೈಡ್ ಗುಳಿಗೆಯ ವಿಷವನ್ನು ನೀರು ಶುದ್ಧೀಕರಣ ಘಟಕಗಳು ತೆಗೆಯಲಾರದೆ ಸೋತವು. ಹೊಲದಲ್ಲಿ ಅದರ ಬಳಕೆಯೇ 2022ರ ಮಾರ್ಚ್ 31ರಿಂದ ನಿಂತಿತು. ಅಮೆರಿಕದ ನಾರ್ತ್ ಕರೊಲಿನಾದಲ್ಲಿ ವೇನ್ ಸ್ಕ್ಯಾಗ್ಸ್ ರೂಪಿಸಿದ ‘ಡ್ರೈನ್‌ಮಾಡ್’ ಹೊಲದ ಬಸಿಯನ್ನು ದಿನದ ಲೆಕ್ಕದಲ್ಲಿ ಊಹಿಸುವ ಹಳೆಯ, ಇಂದಿಗೂ ಬಳಕೆಯಲ್ಲಿರುವ ಮಾದರಿ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಕಾಸರಗೋಡಿನ ಕನ್ನಡದ ಊರು ಪಡ್ರೆಯ ಸುತ್ತ ಗೇರು ತೋಟಗಳಿದ್ದದ್ದು ಗುಡ್ಡದ ನೆತ್ತಿಯಲ್ಲಿ. ಜನ ನೀರು ಕುಡಿಯುತ್ತಿದ್ದದ್ದು ಕಣಿವೆಯ ತೋಡು, ನೀರಿನ ಸುರಂಗಗಳಿಂದ. ಎರಡು ದಶಕಕ್ಕೂ ಹೆಚ್ಚು ಕಾಲ ಆ ನೆತ್ತಿಯ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಹಳ್ಳಿಯ ವೈದ್ಯ ಡಾ. ಮೋಹನ್ ಕುಮಾರ್ ಮತ್ತು ಪತ್ರಕರ್ತ ಶ್ರೀಪಡ್ರೆ ಅವರು ಎಚ್ಚರಿಸಿದ ಮೇಲೂ ದೇಶವ್ಯಾಪಿ ತಡೆ ಬಂದದ್ದು 2011ರ ಮೇ 13ರಂದು, ಸುಪ್ರೀಂ ಕೋರ್ಟಿನಿಂದ. ಯಾವ ನೆಲದ ನೀರು ಎಲ್ಲಿಗೆ ಇಳಿಯುತ್ತದೆ ಎಂದು ಸಿಂಪಡಣೆಗೆ ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಕೈಯಲ್ಲಿ ಏನೇನಿದೆ

ಮೊದಲನೆಯದು ಮಣ್ಣಿನ ನಕ್ಷೆ. ವಿಶ್ವ ಬ್ಯಾಂಕ್ ನೆರವಿನ ಸುಜಲಾ–3 ಯೋಜನೆಯಲ್ಲಿ ರಾಷ್ಟ್ರೀಯ ಮಣ್ಣು ಸರ್ವೇಕ್ಷಣಾ ಸಂಸ್ಥೆಯ ಬೆಂಗಳೂರು ಕೇಂದ್ರ ಮತ್ತು ಕೃಷಿ ವಿಶ್ವವಿದ್ಯಾಲಯಗಳು ಕಿರು ಜಲಾನಯನಗಳನ್ನು ಹಿಡಿದು, ಸರ್ವೆ ನಂಬರ್ ಮಟ್ಟದಲ್ಲಿ ಮಣ್ಣಿನ ಆಳ, ಕಣರಚನೆ, ಗರಸು, ಇಳಿಜಾರು, ನೀರು ಹಿಡಿಯುವ ಶಕ್ತಿಯನ್ನು 1:7920 ಅಳತೆಯ ನಕ್ಷೆಗೆ ಇಳಿಸಿದವು. ಕೊಡದ ಗಾತ್ರ ತಿಳಿಯಲು ಬೇಕಾದದ್ದು ಇದೇ ಮಾಹಿತಿ. ಇದುವರೆಗೆ ಅದನ್ನು ಬದು, ಕೃಷಿಹೊಂಡ, ಬೆಳೆ ಆಯ್ಕೆಗೆ ಬಳಸಿದ್ದೇ ಹೆಚ್ಚು.

ಎರಡನೆಯದು ಮಳೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ತಾನಾಗಿ ಅಂಕಿ ಕಳಿಸುವ ಮಳೆಮಾಪಕಗಳಿವೆ, ಹೋಬಳಿಗಳಲ್ಲಿ ಹವಾಮಾನ ಕೇಂದ್ರಗಳಿವೆ. ಮಧುಗಿರಿ ತಾಲ್ಲೂಕಿನ ಪುರವರದಲ್ಲಿ ಸುರಿದು ಕೊಡಿಗೇನಹಳ್ಳಿಯಲ್ಲಿ ತುಂತುರೂ ಬೀಳದ ಸೀಮೆಯಲ್ಲಿ ಈ ದಟ್ಟ ಜಾಲವೇ ಲೆಕ್ಕದ ಜೀವಾಳ.

ಮೂರನೆಯದು ಮಣ್ಣಿನ ತೇವವನ್ನು ಮೇಲಿನಿಂದ ನೋಡುವ ಕಣ್ಣು. ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಂ. ಶೇಖರ್ ಅವರ ತಂಡ ಫ್ರೆಂಚ್ ವಿಜ್ಞಾನಿಗಳ ಜತೆಗೂಡಿ ವರ್ಷಗಳಿಂದ ಮಣ್ಣಿನ ತೇವ, ಬೆಳೆ, ಕೊಳವೆಬಾವಿಯ ಮಟ್ಟ ಅಳೆಯುತ್ತ ಉಪಗ್ರಹದ ಅಂಕಿಗಳನ್ನು ನೆಲದ ಅಂಕಿಗಳೊಂದಿಗೆ ತಾಳೆ ನೋಡಿದೆ.  2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೊ–ನಾಸಾಗಳ ‘ನಿಸಾರ್’ ಉಪಗ್ರಹ ಮೋಡವಿದ್ದರೂ ನೆಲ ನೋಡಬಲ್ಲ ರಡಾರ್ ಹೊತ್ತು 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುತ್ತದೆ. ಮಣ್ಣಿನ ತೇವ ಅಳೆಯುವುದೂ ಅದರ ಕೆಲಸಗಳಲ್ಲೊಂದು.

ನಾಲ್ಕನೆಯದು ರೈತರ ಜತೆ ಮಾತು ಇರುವ ಸಂಸ್ಥೆ. ತುಮಕೂರಿನ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರ ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಕೃಷಿಯ ರಾಷ್ಟ್ರೀಯ ಯೋಜನೆಯಡಿ ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯಲ್ಲಿ ಕಂದಕ–ಬದು, ಕೃಷಿಹೊಂಡಗಳ ಕೆಲಸ ಮಾಡಿಸಿದೆ. ಮಳೆ, ಮಣ್ಣು, ಹೊಂಡದ ನೀರು ಮೂರನ್ನೂ ಒಟ್ಟಿಗೆ ನೋಡಿ ರೂಢಿಯಿರುವ ಇಂಥ ಊರೇ ಬಸಿನೀರಿನ ಮುನ್ಸೂಚನೆಯ ಪ್ರಯೋಗಕ್ಕೆ ತಕ್ಕ ನೆಲ.

ಇಂಗುಗುಂಡಿಯ ಎಚ್ಚರ

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬತ್ತಿದ ಕೊಳವೆಬಾವಿಗೆ ಜೀವ ಕೊಡಲು ಅದರ ಸುತ್ತ ಗುಂಡಿ ತೋಡಿ, ಜಲ್ಲಿ, ಮರಳು ತುಂಬಿ, ಹೊಲದ ಹರಿವನ್ನು ಅದಕ್ಕೆ ತಿರುಗಿಸುವ ಮರುಪೂರಣ ಈ ಭಾಗದಲ್ಲಿ ಜನಪ್ರಿಯ. ನೀರಿನ ಬರಕ್ಕೆ ಅದು ಒಳ್ಳೆಯ ಉತ್ತರ. ಆದರೆ ಜಲ್ಲಿ–ಮರಳು ಹೂಳನ್ನು ತಡೆಯುತ್ತವೆಯೇ ಹೊರತು ಕರಗಿದ ಕೀಟನಾಶಕವನ್ನಲ್ಲ. ಮಣ್ಣಿನ ಮೂಲಕ ಇಳಿದಿದ್ದರೆ ವರ್ಷಗಟ್ಟಲೆ ತಡವಾಗುತ್ತಿದ್ದ, ದಾರಿಯಲ್ಲೇ ಕೊಳೆಯಬಹುದಿದ್ದ ವಿಷ ಈ ಗುಂಡಿಯಿಂದ ಕೆಲವೇ ಗಂಟೆಗಳಲ್ಲಿ ಬಂಡೆಯ ಸೀಳು ಸೇರಬಲ್ಲದು. ಬಿಸಿಲಿಲ್ಲದ, ಸೂಕ್ಷ್ಮಾಣುಗಳು ವಿರಳವಾದ ಆ ಆಳದಲ್ಲಿ ಅದು ಬೇಗ ಕರಗಿ ಹೋಗುವುದಿಲ್ಲ. ಮರುಪೂರಣಕ್ಕೆ ಚಾವಣಿಯ ನೀರು, ಗೋಮಾಳದ ನೀರು, ಔಷಧಿ ಕಾಣದ ಬೀಳು ಭೂಮಿಯ ನೀರನ್ನು ತಿರುಗಿಸಲಿ. ಸಿಂಪಡಿಸಿದ ಹೊಲದ ಮೊದಲೆರಡು ಮಳೆಯ ಹರಿವನ್ನು ಮಾತ್ರ ಗುಂಡಿಗೆ ಬಿಡದೆ ಹುಲ್ಲಿನ ಬದುವಿನ ಮೇಲೆ ಹಾಯಿಸಬೇಕು.

ಕ್ಯಾನು ತೊಳೆಯುವ ಜಾಗದ್ದೂ ಇದೇ ಕಥೆ. ಯೂರೋಪಿನ ಕೆಲವು ಜಲಾನಯನಗಳಲ್ಲಿ ನದಿ ಸೇರಿದ ಕೀಟನಾಶಕದ ಅರ್ಧಕ್ಕೂ ಹೆಚ್ಚು ಪಾಲು ಹೊಲದಿಂದ ಬಂದದ್ದಲ್ಲ, ಔಷಧಿ ಬೆರೆಸುವ, ತೊಳೆಯುವ, ಚೆಲ್ಲುವ ಜಾಗಗಳಿಂದ ಬಂದದ್ದು ಎಂದು ಕಂಡುಬಂದಿದೆ. ನೀರು ಹತ್ತಿರವೆಂದು ಕೆರೆಯ ತೂಬಿನ ಬಳಿ, ಕೊಳವೆಬಾವಿಯ ತೊಟ್ಟಿಯ ಬಳಿ ಔಷಧಿ ಬೆರೆಸುವುದನ್ನು ಬಿಟ್ಟರೆ ಯಾವ ಉಪಗ್ರಹದ ನೆರವೂ ಇಲ್ಲದೆ ದೊಡ್ಡ ಅಪಾಯ ತಪ್ಪುತ್ತದೆ. ಸ್ವೀಡನ್ನಿನವರು 1993ರಿಂದ ಹುಲ್ಲು, ಪೀಟ್ (ಜೌಗಿನಲ್ಲಿ ಕೊಳೆತ ಸಸ್ಯಗಳ ಮಣ್ಣು), ಮಣ್ಣು ತುಂಬಿದ ಗುಂಡಿಯ ಮೇಲೆ ತೊಳೆಯುತ್ತಾರೆ. ಅಲ್ಲಿನ ಸೂಕ್ಷ್ಮಾಣುಗಳು ವಿಷವನ್ನು ಒಡೆಯುತ್ತವೆ. ನಮ್ಮಲ್ಲಿ ಪೀಟ್ ಇಲ್ಲದಿದ್ದರೂ ತೆಂಗಿನ ನಾರಿನ ಪುಡಿಗೆ, ತಿಪ್ಪೆಗೊಬ್ಬರಕ್ಕೆ ಬರವಿಲ್ಲ. ಇವು ಆ ಕೆಲಸಕ್ಕೆ ಎಷ್ಟು ಒದಗುತ್ತವೆ ಎಂದು ಪರೀಕ್ಷಿಸಿ ನೋಡಬಹುದು.

ರೈತನಿಗೆ ಸಿಗಬೇಕಾದ ಸಂದೇಶ

ಹೊಲದಲ್ಲೇ ಮಾಡಬಹುದಾದ ಪರೀಕ್ಷೆಯೂ ಇದೆ. ಸಿಂಪಡಣೆಯ ಹಿಂದಿನ ದಿನ ಗುದ್ದಲಿಯಿಂದ ಒಂದೂವರೆ ಅಡಿ ಗುಂಡಿ ತೆಗೆದು ತಳದ ಮಣ್ಣನ್ನು ಅಂಗೈಯಲ್ಲಿ ಹಿಚುಕಬೇಕು. ಉಂಡೆ ಕಟ್ಟದೆ ಉದುರಿದರೆ ಕೊಡ ಖಾಲಿ ಇದೆ. ಉಂಡೆ ಕಟ್ಟಿ ಅಂಗೈಗೆ ತೇವ ಅಂಟಿದರೆ ಮಣ್ಣು ತುಂಬಿದೆ, ಮುಂದಿನ ಒಳ್ಳೆಯ ಮಳೆಗೆ ಬಸಿಯುತ್ತದೆ. ಹದ ನೋಡಿ ಬಿತ್ತುವುದು ಗೊತ್ತಿರುವ ರೈತನಿಗೆ ಹದ ನೋಡಿ ಹೊಡೆಯುವುದು ಕಷ್ಟವಲ್ಲ.

ಪೀಡೆಗಳ ಸ್ವಭಾವವೂ ಲೆಕ್ಕಕ್ಕೆ ಒದಗುತ್ತದೆ. ಶೇಂಗಾದ ಸುರುಳಿ ಪೂಚಿ ಹೆಚ್ಚುವುದು ಮಳೆ ಕೈಕೊಟ್ಟ ಒಣ ದಿನಗಳಲ್ಲಿ. ಆಗ ಹೊಡೆದದ್ದು ಬಸಿಯುವ ಸಂಭವ ಕಡಿಮೆ. ಟಿಕ್ಕಾ ಬರುವುದೇ ತೇವದಲ್ಲಿ. ಆದ್ದರಿಂದ ಟಿಕ್ಕಾ ಸಿಂಪಡಣೆಗೇ ಮುನ್ಸೂಚನೆಯ ಅಗತ್ಯ ಹೆಚ್ಚು: ರೋಗ ತಡೆಯುವ ತಳಿ, ಬೀಜೋಪಚಾರ, ಬೆಳೆ ಬದಲಾವಣೆಯಿಂದ ಒಂದು ಸುತ್ತು ಸಿಂಪಡಣೆ ಉಳಿಸಬಹುದೇ, ಹೊಡೆಯಲೇಬೇಕಾದರೆ ಮಣ್ಣಿಗೆ ಅಂಟುವ ಔಷಧಿ ಯಾವುದು, ಎರಡು ದಿನ ಕಾಯಬಹುದೇ? ಹೊಲದ ಕೆಳಬದುವಿನ ಉದ್ದಕ್ಕೂ ಲಾವಂಚವನ್ನೋ ಹುಲ್ಲನ್ನೋ ಬೆಳೆಸಿದರೆ ಕೊಚ್ಚಿಬರುವ ಮಣ್ಣು ಅಲ್ಲೇ ತಂಗುತ್ತದೆ, ಅದಕ್ಕೆ ಅಂಟಿದ ವಿಷವೂ ತಂಗುತ್ತದೆ.

ಈಗ ಇದೆಲ್ಲಕ್ಕೂ ತುರ್ತು ಬಂದಿದೆ. ಹೇಮಾವತಿ ನೀರು ಕಳ್ಳಂಬೆಳ್ಳ, ಶಿರಾ ಕೆರೆಗಳನ್ನು ತಲುಪಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಶಿರಾ, ಪಾವಗಡದ ಕೆರೆಗಳ ಹೆಸರುಗಳಿವೆ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತಕ್ಕೆ ಚಾಲನೆ ಕಂಡ ಎತ್ತಿನಹೊಳೆಯ ಕಾಲುವೆ ಕೊರಟಗೆರೆಯತ್ತ ಮುಖ ಮಾಡಿದೆ. ಕೆರೆ ತುಂಬಿದರೆ ಜಲ ಮೇಲೇರುತ್ತದೆ, ಹೊಲಕ್ಕೂ ನೀರಿಗೂ ನಡುವಿನ ಅಂತರ ಕುಗ್ಗುತ್ತದೆ, ತೋಟಗಾರಿಕೆ ಹೆಚ್ಚಿ ಸಿಂಪಡಣೆಯೂ ಹೆಚ್ಚುತ್ತದೆ. ಕೋಟಿಗಟ್ಟಲೆ ಖರ್ಚು ಮಾಡಿ ನೂರಾರು ಕಿಲೋಮೀಟರ್ ದೂರದಿಂದ ತರುವ ನೀರನ್ನು ಪಕ್ಕದ ಹೊಲದ ಬಸಿಯಿಂದ ಕಾಯುವ ಏರ್ಪಾಡು ಆ ಯೋಜನೆಗಳ ಭಾಗವೇ ಆಗಬೇಕು.

ಅದಕ್ಕೆ ಮೊದಲ ಹೆಜ್ಜೆ ಸಣ್ಣದು. ಜಯಮಂಗಲಿಯ ಒಂದು ಕಿರು ಜಲಾನಯನ ಆರಿಸಿಕೊಂಡು, ಪ್ರತಿ ಸರ್ವೆ ನಂಬರಿನ ಮಣ್ಣಿನ ಆಳಕ್ಕೆ ಪಂಚಾಯಿತಿಯ ಮಳೆ ಅಂಕಿ ಸೇರಿಸಿ ದಿನವೂ ತೇವದ ಲೆಕ್ಕ ಇಡಬೇಕು. ಲೆಕ್ಕ ತುಂಬಿದ ದಿನ ರೈತರ ಫೋನಿಗೆ ಸಂದೇಶ ಹೋಗಬೇಕು: ‘ನಿಮ್ಮ ಹೊಲ ಮುಂದಿನ ಮೂರು ದಿನ ಬಸಿಯುವ ಸಂಭವವಿದೆ, ಇಂತಿಂಥ ಔಷಧಿ ಈಗ ಬೇಡ.’ ಊಹೆ ಎಷ್ಟು ನಿಜವಾಯಿತೆಂದು ತಿಳಿಯಲು ದೊಡ್ಡ ಮಳೆಯ ಮರುದಿನ ಹಳ್ಳ, ಕೆರೆ, ತಲಪರಿಗೆಗಳಿಂದ ನೀರಿನ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಎಲ್ಲ ಬಾವಿಗಳ ಪರೀಕ್ಷೆ ದುಬಾರಿಯಾದರೆ, ಮೊದಲು ಅಗ್ಗದ ಕಿಟ್‌ನಿಂದ ನೈಟ್ರೇಟ್ ನೋಡಿ, ಮಿತಿಯಾದ 45 ಮಿಲಿಗ್ರಾಂ ಮೀರಿದ ಬಾವಿಗಳನ್ನು ಆರಿಸಬಹುದು. ಕೊಟ್ಟಿಗೆ, ಶೌಚಗುಂಡಿಗಳ ನೈಟ್ರೇಟನ್ನು ಬದಿಗಿಟ್ಟರೆ, ಯೂರಿಯಾ ಇಳಿದ ದಾರಿಯಲ್ಲೇ ಓಡುವ ಔಷಧಿಯೂ ಇಳಿದಿರುವ ಸಾಧ್ಯತೆ ಹೆಚ್ಚು. ಒಂದೆರಡು ಮುಂಗಾರಿನ ಇಂಥ ಅಂಕಿಗಳು ಕೈಗೆ ಬಂದರೆ ಯಾವ ಹೋಬಳಿಗೆ, ಯಾವ ಬೆಳೆಗೆ, ಯಾವ ತಿಂಗಳು ಎಚ್ಚರಿಕೆ ಬೇಕು ಎಂಬುದನ್ನು ಹಿರೇಹಳ್ಳಿಯ ಕೇಂದ್ರವೂ ಹೋಬಳಿಗಳ ರೈತ ಸಂಪರ್ಕ ಕೇಂದ್ರಗಳೂ ಊರು ಹೆಸರಿಟ್ಟು ಹೇಳಬಲ್ಲವು.